ದಶಮಿಯ ದಿನ ನೆಟ್ಟ ಗೂಟ

ಗೋಡೆ ಬಿದ್ದರೆ ಮೇಸ್ತ್ರಿಗೆ ಕೆಟ್ಟ ಹೆಸರು. ಇದು ಎಲ್ಲರಿಗೂ ಗೊತ್ತಿರುವ ವಿಷಯ. ಆದರೆ ಗೋಡೆ ಗಟ್ಟಿಯಾಗಿ ನಿಂತಿತು ಎಂಬ ಕಾರಣಕ್ಕೆ ಮೇಸ್ತ್ರಿಯೊಬ್ಬ ತಲೆಯ ಮೇಲೆ ಕೈಹೊತ್ತು ಕೂತದ್ದನ್ನು ಕೇಳಿದ್ದೀರಾ? ನಾನು ಕೇಳಿದೆ. ಮಕ್ಕಳೇ, ನೀವೂ ಕೇಳಿ. ದೊಡ್ಡವರು ಹತ್ತಿರದಲ್ಲಿದ್ದರೆ ಅವರನ್ನೂ ಕೂರಿಸಿಕೊಳ್ಳಿ. ಮನೆ ಕಟ್ಟುವವರು ಅವರೇ ತಾನೆ.

ಹೊಳೆಯೊಂದು ಸಮುದ್ರ ಸೇರುವ ಜಾಗದಲ್ಲಿ ಕೆಳಗಿನಕೇರಿ ಎಂಬ ಸಣ್ಣ ಕೇರಿ. ಇಪ್ಪತ್ತು ಇಪ್ಪತ್ತೆರಡು ಮನೆಗಳು. ಹೊಳೆಗೂ ಕೇರಿಗೂ ನಡುವೆ ಮಣ್ಣಿನ ಒಂದು ದಂಡೆ. ಅಲ್ಲಿ ಎಲ್ಲಿ ತೋಡಿದರೂ ಉಪ್ಪುನೀರೇ. ಹಿರಿಯರು ಎಲ್ಲೆಲ್ಲೋ ತೋಡಿ ಸೋತು, ಕೊನೆಗೆ ಒಂದೇ ಒಂದು ಕಡೆ ಸಿಹಿನೀರು ಕಂಡು ಬಾವಿ ಕಟ್ಟಿಸಿದ್ದರು. ಕೇರಿಯವರು ಕುಡಿಯುವುದು, ಅನ್ನ ಬೇಯಿಸುವುದು, ಬಾಣಂತಿಗೆ ನೀರು ಕಾಯಿಸುವುದು ಎಲ್ಲ ಆ ಬಾವಿಯಿಂದ. ಆ ಬಾವಿ ಹೋದರೆ ಕೇರಿಯೇ ಹೋದ ಹಾಗೆ.

ಈ ಕೇರಿಯಲ್ಲಿ ಬೀರಮ್ಮ ಎಂಬ ಹೆಂಗಸು. ಹೊಳೆ ಇಳಿದಾಗ ಕೆಸರಿನಲ್ಲಿ ಕೂತು ಬಳಚು ಎಂಬ ಚಿಪ್ಪುಮೀನನ್ನು ಹೆಕ್ಕಿ ಪೇಟೆಯಲ್ಲಿ ಮಾರುವುದು ಅವಳ ಕಸುಬು. ತಾಯಿ ಬೇಗ ತೀರಿಕೊಂಡದ್ದರಿಂದ ತಮ್ಮ ಹೊನ್ನಪ್ಪನನ್ನು ಅವಳೇ ಸಾಕಿ ದೊಡ್ಡವನನ್ನಾಗಿ ಮಾಡಿದ್ದಳು. ಹೊನ್ನಪ್ಪ ಬೆಳೆದು ಮೇಸ್ತ್ರಿಯಾದ, ಮದುವೆಯಾಗಿ ಹೊಳೆ ದಾಟಿ ಈಚೆ ದಡದಲ್ಲಿ ಮನೆ ಮಾಡಿದ. ಒಳ್ಳೆಯ ಕೆಲಸಗಾರ. ಅವನು ಇಟ್ಟ ಕಲ್ಲು ಅಲುಗಾಡುತ್ತಿರಲಿಲ್ಲ.

ಈಚೆ ದಡದಲ್ಲಿ, ಕೇರಿಗೆ ನೇರ ಎದುರಿಗೆ, ಕಾಂಡ್ಲಾ ಗಿಡಗಳ ದೊಡ್ಡ ಹಿಂಡು ಇತ್ತು. ಕಾಂಡ್ಲಾ ಅಂದರೆ ಉಪ್ಪುನೀರಿನಲ್ಲೇ ಬೆಳೆಯುವ ಗಿಡ. ಬೇರುಗಳನ್ನು ಕೆಸರಿನಿಂದ ಮೇಲಕ್ಕೆ ಎತ್ತಿಕೊಂಡು ನಿಲ್ಲುತ್ತದೆ. ಅದರ ಬುಡದಲ್ಲಿ ಏಡಿ, ಸಿಗಡಿಯ ಮರಿ, ಮೀನಿನ ಮೊಟ್ಟೆ. ಅದರ ತಲೆಯ ಮೇಲೆ ಬೆಳ್ಳಕ್ಕಿಯ ಗೂಡು. ಹೊಳೆ ಉಕ್ಕಿದ ದಿನ ಹೆಚ್ಚಿನ ನೀರೆಲ್ಲ ಆ ಗಿಡಗಳ ನಡುವೆ ನುಗ್ಗಿ ಹರಡಿಕೊಂಡು, ಆಮೇಲೆ ನಿಧಾನವಾಗಿ ಇಳಿದು ಹೋಗುತ್ತಿತ್ತು. ಪರವೂರಿನವರಿಗೆ ಮಾತ್ರ ಅದು ನಾರುವ ಕೆಸರು, ಬೇರೇನೂ ಅಲ್ಲ.

ಒಂದು ಮಾತು ನೆನಪಿಟ್ಟುಕೊಳ್ಳಿ. ಸಮುದ್ರದ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಆದರೆ ಎಲ್ಲ ದಿನವೂ ಒಂದೇ ಸಮ ಏರುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆಗೆ ನೀರು ದೊಡ್ಡದು. ಅಷ್ಟಮಿಯಿಂದ ದಶಮಿಯವರೆಗೆ ನೀರು ಸಣ್ಣದು. ಕೆಳಗಿನಕೇರಿಯ ಎಳೆ ಮಕ್ಕಳಿಗೂ ಇದು ಗೊತ್ತು. ಹೊನ್ನಪ್ಪನಿಗೆ ಗೊತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ನೀವು ನಂಬಬೇಡಿ.

ಅಷ್ಟೇ ಅಲ್ಲ. ಅವನಿಗೆ ಕೆಲಸ ಕಲಿಸಿದ ಗುರು ಹೊಳೆಯಂಚಿನಲ್ಲಿ ಪಾಯ ತೆಗೆಯುವ ಮೊದಲು ಒಂದು ಕ್ರಮ ಮಾಡುತ್ತಿದ್ದರು. ಜಾಗದ ಉದ್ದಕ್ಕೂ ಸುಣ್ಣ ಬಳಿದ ಗೂಟಗಳನ್ನು ನೆಟ್ಟು, ಅಮಾವಾಸ್ಯೆಯ ನೀರು ಬಂದು ಹೋಗುವ ತನಕ ಸುಮ್ಮನೆ ಕಾಯುತ್ತಿದ್ದರು. ಯಾವ ಗೂಟದ ಸುಣ್ಣ ತೊಳೆದು ಹೋಯಿತೋ ಅಲ್ಲಿಯ ತನಕ ಹೊಳೆಯ ಜಾಗ. ಸುಣ್ಣ ಉಳಿದ ಗೂಟದಿಂದ ಹಿಂದಕ್ಕೆ ಮನುಷ್ಯರ ಜಾಗ. ಯಜಮಾನ ಎಷ್ಟೇ ಅವಸರ ಮಾಡಲಿ, ಗುರುಗಳು ಅಲುಗುತ್ತಿರಲಿಲ್ಲ. ಹೊನ್ನಪ್ಪ ಆ ಗೂಟಗಳಿಗೆ ತನ್ನ ಕೈಯಾರೆ ಸುಣ್ಣ ಬಳಿದವನು.

ಹೀಗಿರುವಾಗ ಗದಗಿನ ಕಡೆಯ ಜವಳಿ ವ್ಯಾಪಾರಿ ಗುರುಪಾದಪ್ಪನವರು ಆ ಕಾಂಡ್ಲಾ ಹಿಂಡನ್ನೂ ಅದರ ಹಿಂದಿನ ಜಾಗವನ್ನೂ ಕೊಂಡರು. ಬಂದ ಅತಿಥಿಗಳು ಜಗಲಿಯಲ್ಲಿ ಕೂತು ನೀರು ನೋಡುವ ಹಾಗೆ ಎಂಟು ಕೋಣೆಯ ವಸತಿಗೃಹ ಕಟ್ಟಬೇಕು ಎಂದು ಅವರ ಆಸೆ. ಕೆಟ್ಟ ಮನುಷ್ಯರಲ್ಲ. ದೇವರು ದಿಂಡರು, ಪಂಚಾಂಗ ಎಂದರೆ ಭಕ್ತಿ. ಭೂಮಿಪೂಜೆಗೆ ಪುರೋಹಿತರು ಚೈತ್ರ ಶುದ್ಧ ದಶಮಿಯ ಮುಹೂರ್ತ ಇಟ್ಟುಕೊಟ್ಟರು. ಒಳ್ಳೆಯ ದಿನ, ಅದರಲ್ಲಿ ತಪ್ಪೇನಿಲ್ಲ.

ಪೂಜೆ ಮುಗಿಯಿತು. ಗುರುಪಾದಪ್ಪನವರು ಪ್ರಸಾದ ಕೈಗೆ ಕೊಟ್ಟು ಹೊನ್ನಪ್ಪನಿಗೆ ಹೇಳಿದರು:

"ಘಳಿಗಿ ಛಲೋ ಐತಿ ಮೇಸ್ತ್ರಿ, ಈಗ ಗೂಟಾ ಹೊಡದುಬಿಡು. ಆದ್ರ ಒಂದ್ ಮಾತು. ನೀರಿನ ಜಾಗಾ ನೀರಿಗಿರ್ಲಿ. ನೀರು ಎಲ್ಲೀತನಾ ಬರ್ತೈತಿ ತೋರ್ಸು. ಅಲ್ಲಿಂದ ನಾಕ್ ಹೆಜ್ಜಿ ಹಿಂದ ಗ್ವಾಡಿ ಕಟ್ಟೂಣು."

ಎಂಥ ಒಳ್ಳೆಯ ಮಾತು ನೋಡಿ. ಆ ಒಂದು ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಹೊನ್ನಪ್ಪ ಹೊಳೆಯ ಕಡೆ ನೋಡಿದ. ದಶಮಿಯ ನೀರು. ಕಾಂಡ್ಲಾ ಹಿಂಡಿನ ಹೊರ ಅಂಚಿನಲ್ಲೇ ನಿಂತುಬಿಟ್ಟಿತ್ತು. ಅಮಾವಾಸ್ಯೆಯ ನೀರು ಅಲ್ಲಿಂದ ಇನ್ನೂ ಅರವತ್ತು ಹೆಜ್ಜೆ ಒಳಗೆ ಬರುತ್ತದೆಂದು ಅವನಿಗೆ ಗೊತ್ತಿತ್ತು. ಅದನ್ನು ಹೇಳಿದರೆ ಉಳಿಯುವ ಜಾಗ ಎರಡು ಕೋಣೆಗೆ ಸಾಲುತ್ತಿತ್ತು, ಅಷ್ಟೇ. ಸಾಹುಕಾರರು ಇಷ್ಟಕ್ಕೇಕೆ ಎಂದು ಬೇರೆ ಊರಿನಲ್ಲಿ ಜಾಗ ನೋಡುತ್ತಿದ್ದರು. ಹೊನ್ನಪ್ಪ ಅಷ್ಟು ದೊಡ್ಡ ಕಟ್ಟಡವನ್ನು ಅದುವರೆಗೆ ಕಟ್ಟಿರಲಿಲ್ಲ. ಬಾಗಿಲಿನ ಪಕ್ಕದ ಕಲ್ಲಿನಲ್ಲಿ ಮೇಸ್ತ್ರಿಯ ಹೆಸರು ಕೆತ್ತಿಸುತ್ತೇನೆ ಎಂದು ಸಾಹುಕಾರರು ಹೇಳಿದ್ದು ಅವನ ತಲೆಯಲ್ಲಿ ಕೂತಿತ್ತು.

ಅವನು ಕೈ ನೀಡಿ ದಶಮಿಯ ನೀರಿನ ಅಂಚನ್ನು ತೋರಿಸಿದ. "ಅಲ್ಲೀವರೆಗೆ ಬತ್ತದೆ ಸಾವ್ಕಾರ್ರೇ," ಎಂದ.

ಅಲ್ಲಿಂದ ನಾಲ್ಕು ಹೆಜ್ಜೆ ಹಿಂದೆ ಗೂಟ ಬಿತ್ತು. ಕಾಂಡ್ಲಾ ಹಿಂಡು ಹೆಚ್ಚುಕಡಿಮೆ ಪೂರ್ತಿ ಗೋಡೆಯ ಒಳಗೆ ಸೇರಿಹೋಯಿತು.

ಮರುದಿನದಿಂದಲೇ ಗಿಡ ಕಡಿದರು, ಲಾರಿಯಲ್ಲಿ ಕೆಮ್ಮಣ್ಣು ತಂದು ಸುರಿದರು. ಹುಣ್ಣಿಮೆಗೆ ಐದೇ ದಿನ. ಅಷ್ಟರೊಳಗೆ ಗೋಡೆಯ ಜಾಗದಲ್ಲಿ ಮಣ್ಣಿನ ದಂಡೆ ಏಳಲೇಬೇಕು ಎಂದು ಹೊನ್ನಪ್ಪ ಆಳುಗಳ ಬೆನ್ನು ಹತ್ತಿದ. ಯಾಕಿಷ್ಟು ಅವಸರ ಎಂದು ಯಾರೂ ಕೇಳಲಿಲ್ಲ. ಸಾಹುಕಾರರಿಗೆ ಅದು ಉತ್ಸಾಹವಾಗಿ ಕಂಡಿತು. ಎಂಥ ಚುರುಕಿನ ಮನುಷ್ಯ ಸಿಕ್ಕಿದ ಎಂದು ಊರಿಗೆ ಫೋನ್ ಮಾಡಿ ಹೇಳಿದರು.

ಸುರಿದ ಕೆಮ್ಮಣ್ಣನ್ನು ತೋಡಿಕೊಂಡು ಮೂರು ದಿನ ಏಡಿಗಳು ಮೇಲೆ ಬಂದವು. ಒಂದೆರಡಲ್ಲ, ನೂರಾರು. ಮಣ್ಣು ಮೆತ್ತಿದ ಮೈ ಹೊತ್ತು ಅತ್ತಿತ್ತ ಓಡಿ, ಲಾರಿಯ ಚಕ್ರಕ್ಕೆ ಸಿಕ್ಕವು. ಮಣ್ಣು ಹೊರುವ ಹೆಂಗಸರು ಕಾಲಿಡಲು ಜಾಗ ಕಾಣದೆ ನಿಂತುಬಿಟ್ಟರು. ನಾಲ್ಕನೆಯ ದಿನ ಒಂದು ಏಡಿಯೂ ಬರಲಿಲ್ಲ.

ಕಡಿದ ಗಿಡಕ್ಕೆ ಬದಲಾಗಿ ನೂರು ಗಿಡ ನೆಡಬೇಕೆಂದು ಸಾಹುಕಾರರು ನರ್ಸರಿಯಿಂದ ಬಣ್ಣಬಣ್ಣದ ಗಿಡ ತರಿಸಿದರು. 'ಪರಿಸರ ಸ್ನೇಹಿ ವಸತಿಗೃಹ' ಎಂಬ ಬೋರ್ಡೂ ಬಂತು. ಉಪ್ಪುಗಾಳಿಗೆ ಗಿಡಗಳು ಒಂದೇ ವಾರದಲ್ಲಿ ಸುಟ್ಟು ಕರಿಯಾದವು. ಬೋರ್ಡು ಮಾತ್ರ ಚೆನ್ನಾಗಿ ನಿಂತಿತ್ತು.

ಒಂದು ದಿನ ಬೀರಮ್ಮ ದೋಣಿಯಲ್ಲಿ ಬಳಚು ಹೆಕ್ಕಲು ಬಂದಳು. ಕೆಸರು ಇದ್ದ ಕಡೆ ಕಲ್ಲಿನ ಗೋಡೆ. ಬುಟ್ಟಿ ಹಿಡಿದುಕೊಂಡು ದೋಣಿಯಲ್ಲೇ ನಿಂತಳು.

"ಇದೆಂತದು ತಮಾ, ಇಷ್ಟು ಮುಂದೆ ಕಟ್ಟೀರಿ?"

"ನಕ್ಷೆಯಲ್ಲಿ ಹಂಗೇ ಅದೆ ಅಕ್ಕಾ. ಅಳತೆ ಎಲ್ಲ ಮೇಲಿಂದ ಬಂದದ್ದು," ಎಂದ ಹೊನ್ನಪ್ಪ. ಅವಳ ಮುಖ ನೋಡಲಿಲ್ಲ.

ಓದು ಬರಹ ಇಲ್ಲದ ಬೀರಮ್ಮ ನಕ್ಷೆ ಎಂದ ಕೂಡಲೇ ಸುಮ್ಮನಾದಳು. ಓದಿದವರು ಮಾಡಿದ್ದು, ತಮ್ಮ ಬೇರೆ ಜೊತೆಗಿದ್ದಾನೆ, ಸರಿಯೇ ಇರಬೇಕು ಎಂದುಕೊಂಡು ಖಾಲಿ ಬುಟ್ಟಿಯೊಂದಿಗೆ ವಾಪಸು ಹೋದಳು. ಬೇಸಿಗೆಯ ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಆಚೆ ಕೇರಿಯ ದಂಡೆಯ ಅಂಚಿನ ತನಕ ನೀರು ಬಂತು, ಆದರೆ ದಾಟಲಿಲ್ಲ. ಹೊನ್ನಪ್ಪ ಪ್ರತಿ ಸಲ ಅದನ್ನು ದೂರದಿಂದ ನೋಡಿ, ಏನೂ ಆಗಲಿಲ್ಲವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಆಷಾಢ ಬಂತು. ಘಟ್ಟದಲ್ಲಿ ಒಂದೇ ಸಮನೆ ಮಳೆ. ಹೊಳೆ ಮೇಲಿನಿಂದ ತುಂಬಿ ಬಂತು. ಅಮಾವಾಸ್ಯೆಯ ದಿನ ಕೆಳಗಿನಿಂದ ಸಮುದ್ರವೂ ಏರಿತು. ಮಳೆಗಾಲದ ನೆರೆಯನ್ನು ಗೋಡೆ ತಡೆಯುತ್ತದೋ ಇಲ್ಲವೋ ನೋಡಬೇಕೆಂದು ಗುರುಪಾದಪ್ಪನವರು ಹಿಂದಿನ ದಿನವೇ ಬಂದಿದ್ದರು. ಮಧ್ಯಾಹ್ನದ ಹೊತ್ತಿಗೆ ಅವರೂ ಹೊನ್ನಪ್ಪನೂ ಕೊಡೆ ಹಿಡಿದು ಗೋಡೆಯ ಮೇಲೆ ನಿಂತರು.

ನೀರು ಗೋಡೆಗೆ ಬಂದು ಬಡಿಯಿತು. ಮತ್ತೆ ಏರಿತು. ಮತ್ತೆ ಬಡಿಯಿತು. ಒಂದು ಕಲ್ಲು ಅಲುಗಲಿಲ್ಲ. ಗೋಡೆಯ ಒಳಗೆ ಒಂದು ಹನಿ ಜಿನುಗಲಿಲ್ಲ.

"ಭಪ್ಪರೆ ಮೇಸ್ತ್ರಿ," ಎಂದು ಸಾಹುಕಾರರು ಅವನ ಬೆನ್ನು ತಟ್ಟಿದರು. "ಒಂದ್ ಹನಿ ಒಳಗ ಬಂದಿಲ್ಲ ನೋಡು."

ಹೊನ್ನಪ್ಪ ನಕ್ಕ. ನಗುತ್ತಲೇ ಎದುರಿನ ದಡದತ್ತ ಕಣ್ಣು ಹಾಯಿಸಿದ. ನಗು ಅಲ್ಲೇ ನಿಂತಿತು. ಆಚೆ ಮಣ್ಣಿನ ದಂಡೆ ಕಾಣುತ್ತಿರಲಿಲ್ಲ. ದಂಡೆ ಇರಬೇಕಾದ ಕಡೆ ಕಂದು ನೀರು ಸಪಾಟಾಗಿ ಒಳಗೆ ಹೋಗುತ್ತಿತ್ತು. ತೆಂಗಿನ ಮರಗಳ ನಡುವೆ ಜನ ಮಕ್ಕಳನ್ನು ಎತ್ತಿಕೊಂಡು ಅತ್ತಿತ್ತ ಓಡುತ್ತಿದ್ದರು. ಇಲ್ಲಿ ಬರಬೇಕಾದ ನೀರು ಇಲ್ಲಿಗೆ ಬರಲಿಲ್ಲ. ಅದಕ್ಕೆ ಹೋಗಲು ಇನ್ನೊಂದೇ ದಾರಿ ಇತ್ತು.

"ಸಾವ್ಕಾರ್ರೇ, ದೋಣಿ," ಎಂದಷ್ಟೇ ಹೇಳಿ ಹೊನ್ನಪ್ಪ ಓಡಿದ. ಏನಾಯಿತೆಂದು ತಿಳಿಯದೆ ಗುರುಪಾದಪ್ಪನವರೂ ಹಿಂದೆ ಓಡಿ ದೋಣಿ ಹತ್ತಿದರು.

ಕೇರಿಯಲ್ಲಿ ಮೊಣಕಾಲುದ್ದ ನೀರು. ಕೋಳಿಗಳು ಮನೆಗಳ ಮಾಡಿನ ಮೇಲೆ ಕೂತಿದ್ದವು. ಬಾವಿ ಎಲ್ಲಿದೆ ಎಂದು ತಿಳಿಯುವಂತಿರಲಿಲ್ಲ. ಗಿಡ್ಡನೆಯ ಕಟ್ಟೆ ಮುಳುಗಿತ್ತು, ರಾಟೆಯ ಎರಡು ಕಂಬ ಮಾತ್ರ ನೀರಿನ ಮೇಲೆ ನಿಂತಿದ್ದವು. ಮಕ್ಕಳು ತಿಳಿಯದೆ ಅಲ್ಲಿಗೆ ಕಾಲಿಟ್ಟಾರೆಂದು ಇಬ್ಬರು ಗಂಡಸರು ಹಗ್ಗ ಹಿಡಿದು ಸುತ್ತ ಕಾವಲಿಗೆ ನಿಂತಿದ್ದರು. ಹೊನ್ನಪ್ಪ ಅದನ್ನು ನೋಡಿದ. ತಲೆಯ ಮೇಲೆ ಕೈಹೊತ್ತು ಹತ್ತಿರದ ಜಗಲಿಯ ಮೇಲೆ ಕೂತುಬಿಟ್ಟ.

ಸಂಜೆಗೆ ನೀರು ಇಳಿಯಿತು. ಬಾವಿಕಟ್ಟೆ ಕಾಣಿಸಿತು. ಬಾವಿ ಬಾಯಿಯ ತನಕ ತುಂಬಿತ್ತು.

ಕೇರಿಯವರು ಬೀರಮ್ಮನ ಜಗಲಿಯ ಮುಂದೆ ಸೇರಿದರು. ಗುರುಪಾದಪ್ಪನವರು ಜಗಲಿಯ ಮೂಲೆಯಲ್ಲಿ ಕೂತಿದ್ದರು. ಆ ಕಡೆ ಒಂದು ಪದ್ಧತಿಯಿದೆ. ಮನೆಗೆ ಯಾರೇ ಬರಲಿ, ಶತ್ರುವೇ ಬರಲಿ, ಮೊದಲು ಒಂದು ತುಂಡು ಬೆಲ್ಲ, ಒಂದು ಲೋಟ ನೀರು. ಬೀರಮ್ಮ ಒಳಗೆ ಹೋಗಿ ಕೊಡಪಾನ ಬಗ್ಗಿಸಿದಳು. ಹಿಂದಿನ ದಿನ ಸೇದಿಟ್ಟ ನೀರು ತಳದಲ್ಲಿ ಒಂದು ಲೋಟದಷ್ಟು ಉಳಿದಿತ್ತು. ಅದನ್ನು ಬೆಲ್ಲದ ಜೊತೆ ಸಾಹುಕಾರರ ಕೈಗೆ ಕೊಟ್ಟಳು. ಅವರು ಗಟಗಟನೆ ಕುಡಿದರು.

"ನೀನು ಮನೆಯವ. ನಿಂಗೆ ಬಾವಿದೇ ಸೇದಿ ಕೊಡ್ತೆ," ಎಂದು ತಮ್ಮನಿಗೆ ಹೇಳಿ ಹೋಗಿ ಒಂದು ಲೋಟ ತಂದಳು. ಹೊನ್ನಪ್ಪ ಬಾಯಿಗಿಟ್ಟ. ಒಂದು ಗುಟುಕು ನುಂಗಿದ. ಎರಡನೆಯದನ್ನು ಅಂಗಳಕ್ಕೆ ಉಗಿದುಬಿಟ್ಟ. ಸಮುದ್ರದ ನೀರಿಗೂ ಆ ನೀರಿಗೂ ಏನೂ ವ್ಯತ್ಯಾಸ ಇರಲಿಲ್ಲ.

ಗುರುಪಾದಪ್ಪನವರು ತಮ್ಮ ಕೈಯಲ್ಲಿದ್ದ ಖಾಲಿ ಲೋಟ ನೋಡಿದರು. ಆ ಮನೆಯ ಕೊನೆಯ ಸಿಹಿನೀರು ತಾವು ಕುಡಿದದ್ದು ಎಂದು ಅವರಿಗೆ ಆಗ ತಿಳಿಯಿತು. ಲೋಟವನ್ನು ಮೆಲ್ಲಗೆ ಜಗಲಿಯ ಮೇಲೆ ಬೋರಲು ಇಟ್ಟರು.

ಗುಂಪಿನಲ್ಲಿದ್ದ ಮುದುಕರೊಬ್ಬರು ಕೇಳಿದರು. "ನೂರು ವರ್ಷದಾಗೆ ಈ ಬಾವಿಗೆ ಉಪ್ಪು ನೀರು ಬಂದದ್ದಿಲ್ಲ. ಆ ಗೋಡೆ ಅಲ್ಲಿ ಬರ್ಬೇಕು ಅಂದವ ಯಾರು?"

ಬೀರಮ್ಮ ತಮ್ಮನ ಮುಂದೆ ಬಂದು ನಿಂತಳು. "ನನ್ನ ತಮ್ಮನ್ನ ಕೇಳ್ಬೇಡಿ. ನಕ್ಷೆ ಮಾಡ್ದವ್ರು ತಪ್ಪು ಮಾಡೀರು. ಅವಂಗೆ ಗೊತ್ತಿರ್ಲಿಲ್ಲ. ಗೊತ್ತಿದ್ರೆ ಮಾಡ್ತಿರ್ಲಿಲ್ಲ."

ಜನ ತಲೆಯಾಡಿಸಿದರು. ಬೀರಮ್ಮನ ಮಾತೆಂದರೆ ಆ ಕೇರಿಯಲ್ಲಿ ಎರಡು ಮಾತಿಲ್ಲ. ಹೊನ್ನಪ್ಪ ತಲೆ ತಗ್ಗಿಸಿ ಕೂತಿದ್ದರೆ ಸಾಕಿತ್ತು. ಅವನ ತಪ್ಪು ಯಾವುದೋ ನಕ್ಷೆಯ ತಲೆಗೆ ಹೋಗುತ್ತಿತ್ತು, ಯಾರಿಗೂ ಯಾವತ್ತೂ ಗೊತ್ತಾಗುತ್ತಿರಲಿಲ್ಲ.

ಬಾಯಿಯಲ್ಲಿ ಉಪ್ಪು ಇನ್ನೂ ಇತ್ತು. ಅವನು ಎದ್ದು ನಿಂತ.

"ಗೊತ್ತಿತ್ತು ಅಕ್ಕಾ," ಎಂದ.

ಬೀರಮ್ಮ ತಿರುಗಿ ನೋಡಿದಳು. ಅವಳಿಗೆ ಮೊದಲು ಅರ್ಥವಾಗಲಿಲ್ಲ.

"ಗೂಟ ಹೊಡ್ದದ್ದು ದಶಮಿ ದಿವ್ಸ. ಅಮಾಸೆ ನೀರು ಅರವತ್ತು ಹೆಜ್ಜೆ ಒಳಗೆ ಬತ್ತದೆ ಅಂತ ನಂಗೆ ಗೊತ್ತಿತ್ತು. ನಕ್ಷೆ ಗಿಕ್ಷೆ ಎಂತದೂ ಇರ್ಲಿಲ್ಲ. ನಿಂಗೆ ಸುಳ್ಳು ಹೇಳ್ದೆ."

ಗುರುಪಾದಪ್ಪನವರು ಎದ್ದು ಬಂದರು. "ನಾ ಕೇಳಿದ್ನಲ್ಲೋ ಮೇಸ್ತ್ರಿ. ನೀರು ಎಲ್ಲೀತನಾ ಬರ್ತೈತಿ ಅಂತ ಕೇಳೇ ಕೇಳಿದ್ನಲ್ಲೋ."

"ಕೇಳಿದ್ರಿ. ಆ ದಿನದ ನೀರು ಎಲ್ಲೀವರೆಗೆ ಬಂತೋ ಅದ್ನೇ ತೋರ್ಸ್ದೆ. ಅಮಾಸೆದು ಹೇಳಿದ್ರೆ ನೀವು ಕಟ್ಟಿಸ್ತಿರ್ಲಿಲ್ಲ."

ಸಾಹುಕಾರರು ಬಾವಿಯತ್ತ ತಿರುಗಿ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು. "ನಮ್ಮೂರಾಗ ಭಾವಿ ಕಟ್ಟಿ ಮ್ಯಾಲೆ ಚಪ್ಪಲಿ ಹಾಕ್ಕೊಂಡು ಯಾರೂ ಹತ್ತಂಗಿಲ್ಲ. ನಾ ಒಂದು ಊರಿನ ಭಾವೀನ ಮುಳುಗಿಸಿ ಅದರ ಮುಂದ ಕುಂತು ನೀರು ಕುಡದೆ. ಗ್ವಾಡಿ ಒಡಿ. ನಾಳಿಂದನ ಒಡಿ."

ಹೊನ್ನಪ್ಪ ತಾನು ಕಟ್ಟಿದ ಗೋಡೆಯನ್ನು ತಾನೇ ಒಡೆದ. ಗಟ್ಟಿಯಾಗಿ ಕಟ್ಟಿದ್ದರಿಂದ ಒಡೆಯಲು ಕಟ್ಟಿದ್ದಕ್ಕಿಂತ ಹೆಚ್ಚು ದಿನ ಹಿಡಿಯಿತು. ಕೆಮ್ಮಣ್ಣು ಬಂದ ದಾರಿಯಲ್ಲೇ ವಾಪಸು ಹೋಯಿತು. ಸಾಹುಕಾರರು ಜಾಗದ ಹಿಂದಿನ ತುದಿಯಲ್ಲಿ, ಎತ್ತರದ ನೆಲದಲ್ಲಿ, ಎರಡೇ ಕೋಣೆ ಕಟ್ಟಿಸಿದರು. ಅದರ ಕಲ್ಲಿನಲ್ಲಿ ಯಾರ ಹೆಸರನ್ನೂ ಕೆತ್ತಿಸಲಿಲ್ಲ. ಮಳೆಗಾಲದಲ್ಲಿ ಬೇರೆ ಕಡೆಯ ಕಾಂಡ್ಲಾ ಗಿಡಗಳಿಂದ ಉದುರಿದ ಉದ್ದನೆಯ ಬೀಜದ ಕೋಡುಗಳನ್ನು ಕೇರಿಯ ಹೆಂಗಸರು ಬುಟ್ಟಿ ತುಂಬ ಹೆಕ್ಕಿ ತಂದು ಕೆಸರಿನಲ್ಲಿ ಚುಚ್ಚಿದರು. ಅರ್ಧದಷ್ಟು ಕೊಚ್ಚಿಹೋದವು, ಅರ್ಧ ಬೇರುಬಿಟ್ಟವು. ಮೂರು ವರ್ಷವಾಯಿತು. ಈಗ ಸೊಂಟದೆತ್ತರ ಇವೆ. ಏಡಿಗಳು ಕಾಣಿಸಿಕೊಂಡಿವೆ. ಬೆಳ್ಳಕ್ಕಿ ಬಂದು ಕೂತು ಹೋಗುತ್ತದೆ, ಗೂಡು ಕಟ್ಟುವಷ್ಟು ಗಿಡ ಇನ್ನೂ ಬಲಿತಿಲ್ಲ.

ಬಾವಿ ಮಾತ್ರ ಬಾವಿಯಾಗಲಿಲ್ಲ. ಮೂರು ಸಲ ಬರಿದು ಮಾಡಿ ತೊಳೆದರು. ಮಳೆಗಾಲದಲ್ಲಿ ಸ್ವಲ್ಪ ಸಪ್ಪಗಾದಂತೆ ಕಾಣುತ್ತದೆ, ಬೇಸಿಗೆ ಬರುವಷ್ಟರಲ್ಲಿ ಮತ್ತೆ ಅದೇ ಉಪ್ಪು. ಕೇರಿಗೆ ಈಗ ದೂರದಿಂದ ನೀರು ಬರುತ್ತದೆ, ಬಂದ ದಿನ ಬಂತು, ಬಾರದ ದಿನ ಇಲ್ಲ. ಎರಡು ಮನೆಯವರು ಕೇರಿ ಬಿಟ್ಟು ಹೋದರು.

ಹೊನ್ನಪ್ಪ ಪ್ರತಿದಿನ ಬೆಳಿಗ್ಗೆ ಎರಡು ಕೊಡ ಸಿಹಿನೀರು ದೋಣಿಯಲ್ಲಿಟ್ಟುಕೊಂಡು ಹೊಳೆ ದಾಟಿ ಅಕ್ಕನ ಮನೆಗೆ ಹೋಗುತ್ತಾನೆ. ಒಂದು ದಿನವೂ ತಪ್ಪಿಸಿಲ್ಲ. ಬೀರಮ್ಮ ನೆರೆಮನೆಯವರ ಜೊತೆ ಮಾತಾಡುತ್ತಾಳೆ, ಮಕ್ಕಳ ಜೊತೆ ನಗುತ್ತಾಳೆ. ಹೊನ್ನಪ್ಪ ಅಂಗಳಕ್ಕೆ ಬಂದು ನಿಂತಾಗ ಮಾತ್ರ ಕೈಯಲ್ಲಿದ್ದ ಕೆಲಸದಿಂದ ತಲೆ ಎತ್ತುವುದಿಲ್ಲ.

"ಇಡು," ಎನ್ನುತ್ತಾಳೆ. ಅಷ್ಟೇ. ಅವನು ಕೊಡ ಇಟ್ಟು ದೋಣಿ ಹತ್ತುತ್ತಾನೆ.

ನೀತಿ: ಹೊಳೆ, ಕೆರೆ, ಸಮುದ್ರದ ಅಂಚಿನಲ್ಲಿ ಮನೆ ಕಟ್ಟುವವರು ನೀರು ಅತಿ ದೊಡ್ಡದಾಗಿ ಬರುವ ದಿನ ಎಲ್ಲಿಯ ತನಕ ಬರುತ್ತದೆ ಎಂದು ನೋಡಿ, ಅಷ್ಟು ಜಾಗವನ್ನೂ ಅಲ್ಲಿ ತಾನಾಗಿ ಬೆಳೆದ ಗಿಡಗಳನ್ನೂ ಹಾಗೆಯೇ ಬಿಡಬೇಕು. ಅಲ್ಲಿಂದ ತಳ್ಳಿದ ನೀರು ಇನ್ನೊಬ್ಬರ ಮನೆ ಬಾಗಿಲಿಗೆ ಹೋಗುತ್ತದೆ. ಇದು ತಿಳಿದಿದ್ದೂ ಬಾಯಿ ಮುಚ್ಚಿಕೊಂಡವನು ಆಮೇಲೆ ಗೋಡೆ ಒಡೆಯಬಹುದು, ಗಿಡ ನೆಡಬಹುದು. ಕೆಟ್ಟ ಬಾವಿಯನ್ನೂ ಕಳೆದುಕೊಂಡ ನಂಬಿಕೆಯನ್ನೂ ಮೊದಲಿನಂತೆ ಮಾಡುವುದು ಅವನ ಕೈಯಲ್ಲಿಲ್ಲ. ಆದ್ದರಿಂದ ಹೇಳಬೇಕಾದದ್ದನ್ನು ಗೂಟ ಹೊಡೆಯುವ ದಿನವೇ ಹೇಳಿಬಿಡಿ.